ಅಪ್‌ಡೇಟ್: ಹಳೇ ಪಿಂಗಾಣಿ ಕಪ್ಪಿನ ಕಂದು ಕಲೆ ಕೊನೆಗೂ ಹೋಯಿತು

ಎರಡು ವಾರದ ಹಿಂದೆ ಕೇಳಿದ್ದೆನಲ್ಲ, ದಾವಣಗೆರೆಯಲ್ಲಿ ಹಳೇ ಸಾಮಾನಿನವರ ಹತ್ತಿರ ಕೊಂಡ ಕಪ್ಪಿನ ಕಲೆ ತೆಗೆಯೋದು ಹೇಗೆ ಅಂತ? ಮೆರುಗಿನ (ಮೇಲಿನ ಗಾಜಿನಂಥ ಪದರದ) ತುಂಬಾ ಕೂದಲೆಳೆಯಂಥ ಬಿರುಕು, ಅದರೊಳಗೆ ಚಹಾದ ಕಲೆ. ಈಗ ಬಹುಪಾಲು ಹೋಗಿದೆ.

ಅಡುಗೆ ಸೋಡಾ ಕೈಕೊಟ್ಟಿತು. ಮೇಲಿನ ಕೊಳೆ ಹೋಯಿತು, ಬಿರುಕಿನೊಳಗಿನದು ಜಪ್ಪಯ್ಯ ಅನ್ನಲಿಲ್ಲ. ಜೋರಾಗಿ ಉಜ್ಜಿ ಅಂಚಿನ ಚಿನ್ನದ ಗೆರೆಯನ್ನೂ ಒಂದು ಕಡೆ ಮಾಸಿಸಿದೆ, ನನ್ನದೇ ತಪ್ಪು. ಬ್ಲೀಚ್ ಬೇಡ ಅಂದಿದ್ದಿರಿ, ಮುಟ್ಟಲಿಲ್ಲ.

ಕೆಲಸಕ್ಕೆ ಬಂದದ್ದು ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಿನ ಬಾಟಲಿ ಮೇಲೆ 6% ಅಂತಿತ್ತು, ಅಷ್ಟೇ ನೀರು ಬೆರೆಸಿದೆ. ಮೊದಲು ಒಂದು ರಾತ್ರಿ ಕಪ್ಪನ್ನು ಬರೀ ನೀರಿನಲ್ಲಿಟ್ಟೆ. ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಸಡಿಲವಾಗಿ ಮುಚ್ಚಿ, ಕತ್ತಲೆ ಮೂಲೆಯಲ್ಲಿ ಐದು ದಿನ. ಮೂರನೇ ದಿನದವರೆಗೆ ಏನೂ ಕಾಣಲಿಲ್ಲ, ದುಡ್ಡು ದಂಡ ಅಂದುಕೊಂಡಿದ್ದೆ! ಕೈಗೆ ಗ್ಲೌಸ್ ಹಾಕಿಕೊಳ್ಳಿ, ನನ್ನ ಬೆರಳು ಬೆಳ್ಳಗಾಗಿ ಉರಿಯಿತು.

ಇನ್ನೊಂದು ವಿಷಯ. ಮಾರಿದವರು 'ಇನ್ನೂರು ವರ್ಷದ್ದು' ಅಂದಿದ್ದರು. ಕಲೆ ಹೋದಮೇಲೆ ತಳದಲ್ಲಿ 'ಮೇಡ್ ಇನ್ ಇಂಗ್ಲೆಂಡ್' ಮುದ್ರೆ ಕಂಡಿತು. ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಲ್ಲಿ ಕಾನೂನು ಜಾರಿಗೆ ಬಂದದ್ದು 1891ರಲ್ಲಿ, ಇಂಗ್ಲೆಂಡಿನ ಕಪ್ಪುಗಳ ಮೇಲೆ ದೇಶದ ಹೆಸರು ಸಾಮಾನ್ಯವಾದದ್ದು ಆಮೇಲೆಯೇ. 'ಮೇಡ್ ಇನ್' ಅಂತ ಸೇರಿಸಿದ್ದು ಹೆಚ್ಚಾಗಿ 20ನೇ ಶತಮಾನದ ಮಾತು. ಇನ್ನೂರು ವರ್ಷದ ಕಥೆ ಅಲ್ಲಿಗೆ ಮುಗೀತು, ಅಲ್ವಾ?

ಇದರಲ್ಲಿ ಚಹಾ ಮಾತ್ರ ಕುಡಿಯಲ್ಲ. ಹಳೇ ಮೆರುಗಿನಲ್ಲಿ ಸೀಸ ಇರಬಹುದು. ಶೋಕೇಸಿನಲ್ಲಿಟ್ಟಿದ್ದೇನೆ, ಮಾಸಿದ ಗೆರೆ ಗೋಡೆ ಕಡೆಗೆ.