ಸಹಾಯ ಬೇಕು: ಆಮ್ಲಜನಕ ಇಳಿದರೆ ಶ್ವಾಸಕೋಶದ ರಕ್ತನಾಳ ಕುಗ್ಗುವುದೇಕೆ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಕಡೆ, ಕನ್ನಡ ಮಾಧ್ಯಮದಿಂದ ಬಂದ ಪ್ಲಸ್ ವನ್ (ಹನ್ನೊಂದನೇ ತರಗತಿ) ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಆಮ್ಲಜನಕ ಕಡಿಮೆಯಾದರೆ ಕೈಕಾಲುಗಳ ರಕ್ತನಾಳ ಹಿಗ್ಗುತ್ತದೆ, ಶ್ವಾಸಕೋಶದ್ದು ಮಾತ್ರ ಕುಗ್ಗುತ್ತದೆ. ಏಕೆಂದು ಒಬ್ಬ ಹುಡುಗಿ ಪಟ್ಟು ಹಿಡಿದು ಕೇಳಿದ್ದಾಳೆ.

ಅಡಿಕೆ ತೋಟದಲ್ಲಿ ಒಂದು ಕಣಿ ಕಟ್ಟಿ ನೀರನ್ನು ಬೇರೆ ಸಾಲಿಗೆ ತಿರುಗಿಸುವಂತೆ, ಗಾಳಿ ತಲುಪದ ಗಾಳಿಗೂಡುಗಳಿಂದ ರಕ್ತವನ್ನು ಗಾಳಿಯಿರುವ ಕಡೆಗೆ ಕಳುಹಿಸಲು ಎಂದೆ. ಸ್ವೀಡನ್ನಿನ ವಿಜ್ಞಾನಿಗಳಾದ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿದ್ದನ್ನೂ ಹೇಳಿದೆ. ಅಷ್ಟಕ್ಕೆ ಅವಳು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ, ಅದು ಪ್ರಯೋಜನದ ಮಾತು, ಕಾರಣದ್ದಲ್ಲ.

ಸಣ್ಣ ಅಪಧಮನಿಗಳ ಗೋಡೆಯ ನಯಸ್ನಾಯು ಕೋಶದಲ್ಲಿ ಪೊಟ್ಯಾಸಿಯಂ ಹೊರಹೋಗುವ ದ್ವಾರಗಳು ಮುಚ್ಚುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಇಲ್ಲಿಯವರೆಗೆ ಸರಿ. ಆಮ್ಲಜನಕ ಇಳಿದದ್ದನ್ನು ಮೊದಲು ಗುರುತಿಸುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎನ್ನುತ್ತಾರೆ. ಅಲ್ಲಿಂದ ಆ ದ್ವಾರಗಳಿಗೆ ಸುದ್ದಿ ಮುಟ್ಟುವುದು ಹೇಗೆ? ಎತ್ತರದ ಬೆಟ್ಟಗಳಲ್ಲಿ ಶ್ವಾಸಕೋಶದ ಉದ್ದಕ್ಕೂ ನಾಳಗಳು ಕುಗ್ಗಿ ಒತ್ತಡ ಏರಿದರೂ, ನೀರು ತುಂಬಿಕೊಳ್ಳುವುದು ಕೆಲವರಿಗೆ ಮಾತ್ರ ಏಕೆ?

ವೈದ್ಯರು, ವೈದ್ಯಕೀಯ ಓದುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ. ಕೈಯಲ್ಲಿ ಬಿಡಿಸಿದ ಚಿತ್ರದ ಫೋಟೊ ಆದರೂ ಆದೀತು. ಕಾಸರಗೋಡು, ಮಂಗಳೂರಿನ ಕಡೆಯವರು ಒಂದು ಗಂಟೆ ತರಗತಿಗೇ ಬರುವುದಾದರೆ ಇನ್ನೂ ಸಂತೋಷ.