ವಿಶ್ವವಿದ್ಯಾಲಯದ ‘ಅಫಿಲಿಯೇಟ್’, ಅವರ ‘ಸ್ಪಾನ್ಸರ್’, ಅವರ ‘ಆಕ್ಸೆಸ್ ಪ್ರಿವಿಲೆಜ್’: ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ವಿಶ್ವವಿದ್ಯಾಲಯವೊಂದರಲ್ಲಿ ಸಂಬಳದ ಪಟ್ಟಿಯಲ್ಲೂ ಇಲ್ಲದ, ಹಾಜರಿ ಪಟ್ಟಿಯಲ್ಲೂ ಇಲ್ಲದ, ಆದರೂ ಅಲ್ಲಿನ ಕೆಲಸದಲ್ಲಿ ಒಂದಲ್ಲ ಒಂದು ರೀತಿಯಲ್ಲಿ ತೊಡಗಿಕೊಂಡಿರುವವರಿಗೆ ಇ-ಅಂಚೆ, ವೈಫೈ, ಗ್ರಂಥಾಲಯದ ಆನ್‌ಲೈನ್ ನಿಯತಕಾಲಿಕಗಳು, ಪ್ರಯೋಗಾಲಯದ ಬಾಗಿಲು ತೆರೆಯುವ ಕಾರ್ಡು ಇವೆಲ್ಲವನ್ನೂ ಯಾವ ಷರತ್ತಿನ ಮೇಲೆ, ಎಷ್ಟು ಕಾಲ ಕೊಡಬೇಕು ಎಂಬುದನ್ನು ಹೇಳುವ ನಿಯಮಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲವು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರೂಢಿಯಲ್ಲಿರುವ ವ್ಯವಸ್ಥೆಯನ್ನು ಅನುಸರಿಸಿದೆ. ಅಲ್ಲಿ ಇಂಥವರನ್ನು ‘ಅಫಿಲಿಯೇಟ್’ ಎನ್ನುತ್ತಾರೆ. ವಿಭಾಗದ ಒಬ್ಬ ಕಾಯಂ ನೌಕರ ಅವರ ಪರವಾಗಿ ಅರ್ಜಿ ಹಾಕಿ ‘ಸ್ಪಾನ್ಸರ್’ ಆಗುತ್ತಾನೆ. ಖಾತೆಗೆ ಆರಂಭದಲ್ಲೇ ಒಂದು ಕೊನೆಯ ದಿನಾಂಕವಿರುತ್ತದೆ. ಸ್ಪಾನ್ಸರ್ ನವೀಕರಿಸದಿದ್ದರೆ ಆ ದಿನ ಎಲ್ಲವೂ ತಾನಾಗಿ ನಿಂತುಹೋಗುತ್ತದೆ. ವ್ಯವಸ್ಥೆ ಸರಳವಾಗಿದೆ, ಪದಗಳು ಮಾತ್ರ ಒಂದೂ ಸರಳವಾಗಿಲ್ಲ.

ಮೊದಲು ‘ಅಫಿಲಿಯೇಟ್’. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಮಾತಿಗೆ ‘ಸಂಯೋಜನೆ’ ಬಹುಕಾಲದಿಂದ ನಿಂತುಬಿಟ್ಟಿದೆ. ಸಂಯೋಜಿತ ಕಾಲೇಜು, ಶಾಶ್ವತ ಸಂಯೋಜನೆ, ಸಂಯೋಜನಾ ಶುಲ್ಕ ಎಂದೆಲ್ಲ ದಿನವೂ ಬರೆಯುವ ಗುಮಾಸ್ತರ ಮುಂದೆ ‘ಸಂಯೋಜಿತ ವ್ಯಕ್ತಿ’ ಎಂದು ಇಟ್ಟರೆ ಅವರು ಯಾವ ಕಾಲೇಜು ಎಂದು ಕೇಳುವುದು ಖಂಡಿತ. ‘ಸಂಯೋಜಕ’ ಎಂದರಂತೂ ಎನ್‌ಎಸ್‌ಎಸ್ ಘಟಕವನ್ನೋ ವಿಚಾರ ಸಂಕಿರಣವನ್ನೋ ನೋಡಿಕೊಳ್ಳುವವರು. ನನಗೆ ಬಂದ ಹಳೆಯ ಕರಡಿನಲ್ಲಿ ‘ವಿಶ್ವವಿದ್ಯಾಲಯದ ಸಂಬಂಧಿಗಳು’ ಎಂದಿತ್ತು, ‘ಸಂಬಂಧಿಗಳ ಖಾತೆಯನ್ನು ವಿಭಾಗದ ಮುಖ್ಯಸ್ಥರು ಮಂಜೂರು ಮಾಡತಕ್ಕದ್ದು’ ಎಂದು. ಇದನ್ನು ಓದಿದವರಿಗೆ ಮುಖ್ಯಸ್ಥರ ಭಾವಮೈದುನನ ನೆನಪಾದರೆ ತಪ್ಪು ಓದುವವರದಲ್ಲ. ‘ಸಹವರ್ತಿ’ ಕೇಳಲು ಚೆನ್ನಾಗಿದೆ, ಆದರೆ ‘ಸಹ ಪ್ರಾಧ್ಯಾಪಕ’ ಎಂಬ ಕಾಯಂ ಹುದ್ದೆಯ ಪಕ್ಕದಲ್ಲಿ ‘ಸಹ’ ಎಂಬ ಉಪಪದವನ್ನು ನೌಕರರಲ್ಲದವರಿಗೆ ಕೊಡುವುದು ಗೊಂದಲವನ್ನು ಕರೆದು ಕೂರಿಸಿದಂತೆ.

‘ನೌಕರೇತರ’ ಎನ್ನಬಹುದೇ ಎಂದು ಒಬ್ಬರು ಸೂಚಿಸಿದರು. ‘ಬೋಧಕೇತರ ಸಿಬ್ಬಂದಿ’ ರೂಢಿಯಲ್ಲಿರುವುದರಿಂದ ಅದರ ಜಾಡಿನಲ್ಲೇ ಇದೂ ಹುಟ್ಟುತ್ತದೆ. ಪಾರಸಿಯ ‘ನೌಕರ’ಕ್ಕೆ ಸಂಸ್ಕೃತದ ‘ಇತರ’ವನ್ನು ಗುಣಸಂಧಿ ಮಾಡಿ ಕೂಡಿಸಿದರೆ ಕೇಶಿರಾಜ ಒಪ್ಪುತ್ತಿದ್ದನೇ ಎಂಬ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ‘ಜಿಲ್ಲಾಧಿಕಾರಿ’ಯನ್ನು ಒಪ್ಪಿಕೊಂಡ ನಾಡು ನಮ್ಮದು. ನಿಜವಾದ ತೊಡಕು ಅರ್ಥದ್ದು. ವಿದ್ಯಾರ್ಥಿಗಳೂ ನೌಕರರಲ್ಲ, ಹಳೆಯ ವಿದ್ಯಾರ್ಥಿಗಳೂ ನೌಕರರಲ್ಲ. ನಿಯಮಾವಳಿ ಹೇಳುತ್ತಿರುವುದು ಅವರಿಬ್ಬರನ್ನೂ ಬಿಟ್ಟು ಉಳಿದವರ ವಿಷಯ. ‘ಬಾಹ್ಯ ಬಳಕೆದಾರ’ ಎಂದರೆ ‘ಬಾಹ್ಯ ಪರೀಕ್ಷಕ’ರಿಗೆ ಸಲೀಸಾಗಿ ಹೊಂದುತ್ತದೆ, ಅವರು ನಿಜಕ್ಕೂ ಹೊರಗಿನಿಂದ ಬಂದು ಅಂಕ ತುಂಬಿ ಹೋಗುವವರು. ಆದರೆ ಅದೇ ಪಟ್ಟಿಯಲ್ಲಿ ವಿಶ್ರಾಂತ ಪ್ರಾಧ್ಯಾಪಕರೂ ಇದ್ದಾರೆ. ತಮ್ಮ ಆಯುಷ್ಯವನ್ನೆಲ್ಲ ಅಲ್ಲೇ ಕಳೆದು, ನಿವೃತ್ತಿಯ ನಂತರವೂ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಿರುವವರನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬಾಹ್ಯರೆಂದು ಕರೆಯಲು ನನ್ನ ಕೈ ಬರುವುದಿಲ್ಲ.

ಇನ್ನು ‘ಅತಿಥಿ’. ಅತಿಥಿ ಉಪನ್ಯಾಸಕರೆಂಬ ವರ್ಗವೇ ನಮ್ಮಲ್ಲಿರುವಾಗ ‘ಅತಿಥಿ ಖಾತೆ’ ಎಂದರೆ ಸಾಕಲ್ಲ ಎನಿಸುವುದು ಸಹಜ. ಆದರೆ ಗಣಕದ ಲೋಕದಲ್ಲಿ ಅತಿಥಿ ಖಾತೆಯೆಂದರೆ ಒಂದೆರಡು ದಿನದ ವೈಫೈ, ಅಷ್ಟೇ. ವರ್ಷಾನುಗಟ್ಟಲೆ ಒಂದೇ ವಿಭಾಗದಲ್ಲಿ ಪಾಠ ಮಾಡಿ, ಆಂತರಿಕ ಅಂಕಗಳನ್ನೂ ತಾವೇ ತುಂಬುವ ಅತಿಥಿ ಉಪನ್ಯಾಸಕರು ಆ ಅರ್ಥದ ಅತಿಥಿಗಳಲ್ಲ. ಆ ಹುದ್ದೆಯ ಹೆಸರಿನಲ್ಲೇ ಒಂದು ಅನ್ಯಾಯ ಅಡಗಿದೆ ಎಂದು ನನಗೆ ಅನಿಸುತ್ತದೆ, ಅದು ಬೇರೆಯದೇ ಚರ್ಚೆ.

ವಾಸ್ತವದಲ್ಲಿ ಇಂಗ್ಲಿಷಿನವರಿಗೂ ಈ ಪದ ಹಿಡಿತಕ್ಕೆ ಸಿಕ್ಕಿಲ್ಲ. ವಿಶ್ವವಿದ್ಯಾಲಯಗಳು ತಮ್ಮ ಬಳಕೆದಾರರ ವಿವರವನ್ನು ಪರಸ್ಪರ ತಿಳಿಸಿಕೊಳ್ಳಲು ಬಳಸುವ ‘ಎಡುಪರ್ಸನ್’ ಎಂಬ ವಿನ್ಯಾಸದಲ್ಲಿ ವ್ಯಕ್ತಿಯ ನಂಟಿಗೆ ಎಂಟು ಹೆಸರುಗಳಿವೆ: ಬೋಧಕ, ವಿದ್ಯಾರ್ಥಿ, ಸಿಬ್ಬಂದಿ, ನೌಕರ, ಹಳೆಯ ವಿದ್ಯಾರ್ಥಿ, ಸದಸ್ಯ, ಅಫಿಲಿಯೇಟ್, ಮತ್ತು ಗ್ರಂಥಾಲಯದೊಳಕ್ಕೆ ನಡೆದು ಬಂದು ಕೂತು ಓದುವ ಸಾರ್ವಜನಿಕ. ಇವುಗಳಲ್ಲಿ ‘ಅಫಿಲಿಯೇಟ್’ಗೆ ಕೊಟ್ಟಿರುವ ವಿವರಣೆಯ ತಿರುಳು ಇಷ್ಟು: ಏನೋ ಒಂದು ನಂಟಿದೆ, ಆದರೆ ಅದು ಬೋಧಕ, ಸಿಬ್ಬಂದಿ, ವಿದ್ಯಾರ್ಥಿ ಮೊದಲಾದ ಯಾವ ಹೆಸರಿಗೂ ಸೇರುವುದಿಲ್ಲ. ಉದಾಹರಣೆಗೆ ಸ್ವಯಂಸೇವಕರು, ವಿದ್ಯಾರ್ಥಿಗಳ ತಂದೆತಾಯಿ, ಹೊರಗಿನ ಲೆಕ್ಕಪರಿಶೋಧಕರು. ಒಂದೊಂದು ಸಂಸ್ಥೆಯೂ ಇದನ್ನು ಒಂದೊಂದು ಅರ್ಥದಲ್ಲಿ ಬಳಸುವುದರಿಂದ ಸಂಸ್ಥೆಗಳ ನಡುವಿನ ವ್ಯವಹಾರದಲ್ಲಿ ಇದರಿಂದ ಹೆಚ್ಚು ಪ್ರಯೋಜನವಿಲ್ಲ ಎಂದೂ ಆ ವಿವರಣೆಯೇ ಎಚ್ಚರಿಸುತ್ತದೆ. ನಮಗೂ ಇದು ದೂರದ ಮಾತಲ್ಲ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಬೆಸೆಯುವ, ಗುಜರಾತಿನ ಗಾಂಧಿನಗರದ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಒಕ್ಕೂಟದ ಮೂಲಕ ಮನೆಯಿಂದಲೇ ನಿಯತಕಾಲಿಕಗಳನ್ನು ಓದುವವರು ಬಳಸುವುದೂ ಇದೇ ಬಗೆಯ ಏರ್ಪಾಡನ್ನೇ. ಮೂಲದಲ್ಲೇ ‘ಉಳಿದವರು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲದ ಪದಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಒಂದು ಪದವನ್ನು ಹುಡುಕುವ ಹಟವನ್ನು ನಾನು ಇಲ್ಲಿಗೆ ಬಿಟ್ಟಿದ್ದೇನೆ.

‘ಆಕ್ಸೆಸ್’ಗೆ ಎಲ್ಲರೂ ‘ಪ್ರವೇಶ’ ಎನ್ನುತ್ತಾರೆ. ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರವೇಶವೆಂದರೆ ಅಡ್ಮಿಷನ್. ಪ್ರವೇಶ ಶುಲ್ಕ, ಪ್ರವೇಶ ಪತ್ರ, ಪ್ರವೇಶ ಪರೀಕ್ಷೆ ಎಲ್ಲವೂ ಅದರ ಸುತ್ತಲಿನವು. ಅದನ್ನು ಬದಿಗಿಟ್ಟರೂ ಅರ್ಥ ಪೂರ್ತಿ ಹಿಡಿಸುವುದಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000, ತನ್ನ 2ನೆಯ ಪ್ರಕರಣದಲ್ಲಿ ಈ ಪದವನ್ನು ವಿವರಿಸುವಾಗ ಗಣಕದ ಒಳಹೊಗುವುದು, ಅದಕ್ಕೆ ಆದೇಶ ಕೊಡುವುದು, ಅದರೊಂದಿಗೆ ಸಂವಹನ ನಡೆಸುವುದು ಈ ಮೂರನ್ನೂ ಸೇರಿಸುತ್ತದೆ. ‘ಪ್ರವೇಶ’ದಲ್ಲಿ ಇರುವುದು ಮೊದಲನೆಯದು ಮಾತ್ರ.

ಒಳಹೋಗುವುದಕ್ಕೂ ಬಳಸುವುದಕ್ಕೂ ಇರುವ ಈ ಅಂತರ ಬರೀ ಪಂಡಿತರ ಜಗಳವಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜಾಲದಲ್ಲಿ 2010ರ ಸುಮಾರಿಗೆ ಹೊರಗಿನ ಯಾರಾದರೂ ತಾವೇ ಹೆಸರು ನೋಂದಾಯಿಸಿ ವರ್ಷಕ್ಕೆ 14 ದಿನ ಅತಿಥಿಯಾಗಿ ಸಂಪರ್ಕ ಪಡೆಯಬಹುದಿತ್ತು. ಹಾರ್ವರ್ಡ್‌ನಲ್ಲಿ ಫೆಲೋ ಆಗಿದ್ದ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ 2010ರ ಕೊನೆಯ ತಿಂಗಳುಗಳಲ್ಲಿ ಎಂಐಟಿಯ ಜಾಲದಿಂದ, ವಿದ್ವತ್ ಪತ್ರಿಕೆಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನ ಲಕ್ಷಗಟ್ಟಲೆ ಲೇಖನಗಳನ್ನು ಇಳಿಸಿಕೊಂಡರು. ಅವರ ಮೇಲಿನ ಮೊಕದ್ದಮೆಯಲ್ಲಿ, ಅದು ಅನುಮತಿಯಿಲ್ಲದ ಪ್ರವೇಶವೋ, ಇದ್ದ ಅನುಮತಿಯನ್ನು ಮೀರಿದ ಬಳಕೆಯೋ ಎಂಬ ವಾದ 2013ರ ಜನವರಿಯಲ್ಲಿ ಅವರು ತೀರಿಕೊಂಡಾಗಲೂ ಇತ್ಯರ್ಥವಾಗಿರಲಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ, ಜಾರ್ಜಿಯ ರಾಜ್ಯದ ವ್ಯಾನ್ ಬ್ಯೂರೆನ್ ಎಂಬ ಪೊಲೀಸನ ಪ್ರಕರಣದಲ್ಲಿ, ತನಗೆ ತೆರೆದಿದ್ದ ದತ್ತಾಂಶವನ್ನು ಕೆಟ್ಟ ಉದ್ದೇಶಕ್ಕೆ ನೋಡಿದ ಮಾತ್ರಕ್ಕೆ ಅನುಮತಿಯನ್ನು ಮೀರಿದಂತಾಗದು ಎಂದು ತೀರ್ಪಿತ್ತಿತು. ಹೀಗಿರುವಾಗ ಕನ್ನಡದ ನಿಯಮಾವಳಿಯಲ್ಲಿ ಎರಡಕ್ಕೂ ‘ಪ್ರವೇಶ’ ಎಂದೇ ಬರೆದರೆ ನಾಳೆ ತಂಟೆಗೆ ಬಂದವರ ಮುಂದೆ ಯಾವುದನ್ನೂ ಸಾಧಿಸಲಾಗುವುದಿಲ್ಲ.

‘ಪ್ರಿವಿಲೆಜ್’ಗೆ ವಿಧಾನಮಂಡಲದ ಭಾಷೆಯಲ್ಲಿ ‘ಹಕ್ಕುಬಾಧ್ಯತೆ’ ಇದೆ, ಅದು ಮುರಿದರೆ ‘ಹಕ್ಕುಚ್ಯುತಿ’. ಎರಡೂ ಗಟ್ಟಿ ಪದಗಳೇ, ಆದರೆ ಇಲ್ಲಿ ಕೊಡುತ್ತಿರುವುದು ಹಕ್ಕಲ್ಲ. ‘ಸವಲತ್ತು’ ಎಂದರೆ ರಿಯಾಯಿತಿ ಬಸ್ ಪಾಸಿನ ಸಾಲಿಗೆ ಸೇರುತ್ತದೆ. ಗಣಕ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲಿ ಹೇಳಿದ ಸುರಕ್ಷತೆಯ ಸೂತ್ರವೊಂದಿದೆ, ಪ್ರತಿಯೊಬ್ಬ ಬಳಕೆದಾರನಿಗೂ ಕೆಲಸಕ್ಕೆ ಬೇಕಾದಷ್ಟನ್ನೇ ಕೊಡಬೇಕು, ಅದಕ್ಕಿಂತ ಹೆಚ್ಚು ಕೊಡಬಾರದು ಎಂದು. ಇದನ್ನು ‘ಕನಿಷ್ಠ ಸವಲತ್ತಿನ ತತ್ತ್ವ’ ಎಂದು ಬರೆದರೆ ಆಡಳಿತದ ಜಿಪುಣತನದಂತೆ ಕೇಳಿಸುತ್ತದೆ. ‘ಕನಿಷ್ಠ ಅನುಮತಿಯ ತತ್ತ್ವ’ ಎಂದರೆ ಮಾತು ಸರಿಹೋಗುತ್ತದೆ. ಅನುಮತಿಯನ್ನು ಒಬ್ಬರು ಕೊಡಬೇಕು, ಅದಕ್ಕೆ ಅವಧಿ ಇರಬಹುದು, ಹಿಂದಕ್ಕೆ ಪಡೆಯಲೂಬಹುದು. ಈ ಮೂರೂ ಗುಣಗಳು ಪದದೊಳಗೇ ಇರುವುದರಿಂದ ‘ಆಕ್ಸೆಸ್ ಪ್ರಿವಿಲೆಜ್’ಗೆ ‘ಬಳಕೆಯ ಅನುಮತಿ’ ಎಂದು ನಿಶ್ಚಯಿಸಿದ್ದೇನೆ.

ಉಳಿದದ್ದು ‘ಸ್ಪಾನ್ಸರ್’, ನನ್ನ ಮುಖ್ಯ ಪ್ರಶ್ನೆ ಇರುವುದು ಇಲ್ಲಿ. ‘ಪ್ರಾಯೋಜಕ’ ಎಂದರೆ ದುಡ್ಡು ಕೊಟ್ಟು ಬ್ಯಾನರಿನಲ್ಲಿ ಹೆಸರು ಹಾಕಿಸಿಕೊಳ್ಳುವವರು. ಇಲ್ಲಿನ ಸ್ಪಾನ್ಸರ್ ಒಂದು ಪೈಸೆಯನ್ನೂ ಕೊಡುವುದಿಲ್ಲ. ಈ ವ್ಯಕ್ತಿ ಯಾರೆಂದು ನನಗೆ ಗೊತ್ತು, ಇವರಿಗೆ ಇಷ್ಟು ಬೇಕು, ಕೆಲಸ ಮುಗಿದಾಗ ನಾನು ತಿಳಿಸುತ್ತೇನೆ ಎಂದು ಬರೆದುಕೊಡುತ್ತಾನೆ. ಇದಕ್ಕೆ ಕನ್ನಡದಲ್ಲಿ ‘ಹೊಣೆ’ ಎಂಬ ಹಳೆಯ ಪದವಿದೆ. ಈಗ ಅದು ಬರೀ ಜವಾಬ್ದಾರಿ ಎಂಬ ಅರ್ಥಕ್ಕೆ ಸವೆದಿದ್ದರೂ, ಇನ್ನೊಬ್ಬರ ಪರವಾಗಿ ನಿಲ್ಲುವ ಜಾಮೀನಿನ ಅರ್ಥ ‘ಹೊಣೆ ನಿಲ್ಲು’, ‘ಹೊಣೆಗಾರ’ ಎಂಬಲ್ಲಿ ಉಳಿದಿದೆ. ‘ಜಾಮೀನುದಾರ’ ಎಂದರೆ ನ್ಯಾಯಾಲಯದ, ಸಾಲದ ವಾಸನೆ. ಆದ್ದರಿಂದ ‘ಹೊಣೆಗಾರ’ ಎಂದು ಇಟ್ಟುಕೊಂಡು, ವ್ಯಕ್ತಿಗೆ ಹೊಸ ಹೆಸರು ಹುಡುಕುವ ಬದಲು ಖಾತೆಗೇ ‘ಹೊಣೆಖಾತೆ’ ಎಂಬ ಹೆಸರು ಕೊಟ್ಟರೆ ಹೇಗೆ? ಆಗ ಅತಿಥಿ ಉಪನ್ಯಾಸಕರು, ವಿಶ್ರಾಂತ ಪ್ರಾಧ್ಯಾಪಕರು, ಬಾಹ್ಯ ಪರೀಕ್ಷಕರು, ಹೊರಗುತ್ತಿಗೆಯವರು ಎಲ್ಲರೂ ತಮ್ಮ ತಮ್ಮ ಹೆಸರಿನಲ್ಲೇ ಉಳಿಯುತ್ತಾರೆ. ಕರಡಿನ ಆ ವಾಕ್ಯ ಈಗ ಹೀಗಿದೆ: ‘ನೌಕರರೂ ವಿದ್ಯಾರ್ಥಿಗಳೂ ಅಲ್ಲದವರಿಗೆ, ವಿಭಾಗದ ಕಾಯಂ ನೌಕರರೊಬ್ಬರ ಹೊಣೆಯ ಮೇಲೆ, ನಿಗದಿತ ಅವಧಿಗೆ ಹೊಣೆಖಾತೆ ತೆರೆಯಬಹುದು, ಅವಧಿ ಮುಗಿಯುವ ಮುನ್ನ ಹೊಣೆಗಾರರು ನವೀಕರಿಸದಿದ್ದಲ್ಲಿ ಬಳಕೆಯ ಅನುಮತಿ ತಾನಾಗಿಯೇ ನಿಲ್ಲುತ್ತದೆ.’

‘ನಿಲ್ಲುತ್ತದೆ’ ಎಂಬುದನ್ನು ಬೇಕೆಂದೇ ಬಳಸಿದ್ದೇನೆ. ‘ಅಮಾನತು’ ಎಂದರೆ ತಪ್ಪು ಮಾಡಿದವರೆಂಬ ಗುಮಾನಿ, ‘ವಜಾ’ ಎಂದರೆ ಇನ್ನೂ ಕೇಡು, ‘ರದ್ದು’ ಎಂದರೆ ಯಾರೋ ಕೂತು ಆದೇಶ ಹೊರಡಿಸಿದಂತೆ. ಕಚೇರಿಗಳಲ್ಲಿ ಜನ ಆಡುವುದು ‘ಲಾಗಿನ್ ಬಂದ್ ಆಯ್ತು’ ಎಂದೇ. ನಿಯಮಾವಳಿಗೆ ಅದು ಒಗ್ಗದಿದ್ದರೂ ಅದರ ತಟಸ್ಥ ಧ್ವನಿ ನನಗೆ ಬೇಕಾಗಿತ್ತು.

‘ಹೊಣೆಖಾತೆ’ಯ ಬಗ್ಗೆ ಒಂದು ಅಳುಕು ಉಳಿದಿದೆ. ಪತ್ರಿಕೆಗಳಲ್ಲಿ ಸಚಿವರಿಗೆ ‘ಹೆಚ್ಚುವರಿ ಖಾತೆಯ ಹೊಣೆ’ ವಹಿಸುತ್ತಲೇ ಇರುತ್ತಾರೆ, ಓದುವವರಿಗೆ ಅದು ನೆನಪಾಗಿ ದಿಕ್ಕು ತಪ್ಪುತ್ತದೆಯೇ? ತಪ್ಪುವುದಾದರೆ ‘ಹೊಣೆಯ ಮೇಲಿನ ಖಾತೆ’ ಎಂದು ಬಿಡಿಸಿ ಬರೆಯುವುದೇ ಲೇಸೇ? ವಿಶ್ವವಿದ್ಯಾಲಯಗಳ ಕುಲಸಚಿವರ ಕಚೇರಿಯಲ್ಲೋ ಗ್ರಂಥಾಲಯದಲ್ಲೋ ಕೆಲಸ ಮಾಡಿದವರು ಬಳಗದಲ್ಲಿದ್ದರೆ, ಇಂಥ ಖಾತೆಗೆ ತಮ್ಮಲ್ಲಿ ಈಗಾಗಲೇ ಯಾವ ಮಾತು ಓಡಾಡುತ್ತಿದೆ ಎಂಬುದನ್ನು ದಯವಿಟ್ಟು ತಿಳಿಸಬೇಕು. ಓಡಾಡುತ್ತಿರುವ ಪದ ಸಿಕ್ಕರೆ ನನ್ನದನ್ನು ಕೈಬಿಡಲು ಸಿದ್ಧನಿದ್ದೇನೆ.