ಪಾಲಿಲೈಸಿನ್‌ನಿಂದ ಕಟ್ಟಿಹಾಕಿದ ಕಿಣ್ವದವರೆಗೆ: ಕಾಟ್ಜಿರ್ ಅವರ ಸಂಶೋಧನೆಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ಔಂಧ್, ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಜೀವರಸಾಯನಶಾಸ್ತ್ರದ ಎಂಎಸ್ಸಿ ಓದುತ್ತಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಜೀವಕೋಶಗಳು ಗಾಜಿಗೆ ಅಂಟಿಕೊಳ್ಳಲೆಂದು ನಾವು ಸ್ಲೈಡಿಗೆ ಮೊದಲು ಪಾಲಿಲೈಸಿನ್ ಸವರಿ ಒಣಗಿಸುತ್ತೇವೆ. ಫ್ರಿಜ್ಜಿನಲ್ಲಿರುವ ಆ ಪುಟ್ಟ ಸೀಸೆಯ ಮೂಲವನ್ನು ಹುಡುಕುತ್ತ ಹೋದಾಗ ಎಫ್ರಾಯಿಮ್ ಕಾಟ್ಜಿರ್ ಅವರ ಹೆಸರು ಸಿಕ್ಕಿತು. 1940ರ ದಶಕದಲ್ಲಿ, ಕಾಚಾಲ್ಸ್ಕಿ ಎಂಬ ಹೆಸರಿನಲ್ಲಿದ್ದಾಗಲೇ, ಅವರು ಸಂಗಡಿಗರೊಂದಿಗೆ ಪಾಲಿಲೈಸಿನ್ ತಯಾರಿಸಿದ್ದರು. ಮುಂದೆ ಕಿಣ್ವಗಳನ್ನು ಘನವಸ್ತುವಿಗೆ ಬಂಧಿಸುವ ಕೆಲಸದಲ್ಲಿ ಹೆಸರು ಮಾಡಿ, 1973ರಿಂದ 1978ರವರೆಗೆ ಇಸ್ರೇಲಿನ ರಾಷ್ಟ್ರಪತಿಯೂ ಆಗಿದ್ದರು. ಬರುವ ತಿಂಗಳು ನಮ್ಮ ಕನ್ನಡ ಬಳಗದಲ್ಲಿ ಇವರ ಸಂಶೋಧನೆಯ ಬಗ್ಗೆ 20 ನಿಮಿಷ ಮಾತನಾಡಲು ಒಪ್ಪಿಕೊಂಡಿದ್ದೇನೆ. ಕೃತಕ ಪಾಲಿಪೆಪ್ಟೈಡುಗಳಿಗೂ (ಅಂದರೆ ಅಮೈನೋ ಆಮ್ಲಗಳ ಸರಪಳಿಗಳಿಗೂ) ಬಂಧಿತ ಕಿಣ್ವಗಳಿಗೂ ಏನು ನಂಟು? ವಿಜ್ಞಾನ ಓದದ ಹಿರಿಯರಿಗೆ ಇದನ್ನು ಹೇಗೆ ಹೇಳಲಿ?

ಉತ್ತರ 1 (ಮಾಟುಂಗಾ, ಮುಂಬಯಿ)

ನಂಟು ಇದೆ, ಅದೂ ಗಟ್ಟಿಯಾದ ನಂಟು. ಅವರು ಕೆಲಸ ಆರಂಭಿಸಿದಾಗ ಯಾವ ಪ್ರೋಟೀನಿನ ಅಮೈನೋ ಆಮ್ಲಗಳ ಪೂರ್ಣ ಅನುಕ್ರಮವೂ ಗೊತ್ತಿರಲಿಲ್ಲ. ಬ್ರಿಟಿಷ್ ವಿಜ್ಞಾನಿ ಸ್ಯಾಂಗರ್ ಅವರು ಇನ್ಸುಲಿನ್ನಿನ ಅನುಕ್ರಮವನ್ನು ಬಿಡಿಸಿಟ್ಟದ್ದು 1950ರ ದಶಕದಲ್ಲಿ. ಮಕ್ಕಳು ಓದಲು ಕಲಿಯುವ ಮೊದಲು ಒಂದೇ ಅಕ್ಷರವನ್ನು ಸ್ಲೇಟಿನ ತುಂಬ ತಿದ್ದುವ ಹಾಗೆ, ಕಾಟ್ಜಿರ್ ಒಂದೇ ಅಮೈನೋ ಆಮ್ಲವನ್ನು ಪೋಣಿಸಿ ಉದ್ದದ ಸರಪಳಿ ಮಾಡಿ, ಅದರ ಗುಣದಿಂದ ಪ್ರೋಟೀನಿನ ಗುಣವನ್ನು ಊಹಿಸಲು ಹೊರಟರು. ಲೈಸಿನ್‌ನಲ್ಲಿ ಎರಡು ಅಮೈನೋ ಗುಂಪುಗಳಿರುವುದರಿಂದ, ಬದಿಯ ಗುಂಪಿಗೆ ಮೊದಲು ರಾಸಾಯನಿಕ ಮುಚ್ಚಳ ಹಾಕದಿದ್ದರೆ ಸರಪಳಿ ಎಲ್ಲೆಂದರಲ್ಲಿ ಕವಲೊಡೆಯುತ್ತದೆ. ಸರಪಳಿ ಬೆಳೆದ ಮೇಲೆ ಅದನ್ನು ತೆಗೆಯುತ್ತಾರೆ. ಆ ಮುಚ್ಚಳ ತೆಗೆದಾಗ ಉಳಿಯುವ ಧನ ವಿದ್ಯುದಂಶವೇ ಇಂದು ನಿಮ್ಮ ಸ್ಲೈಡಿನ ಮೇಲೆ ಋಣ ವಿದ್ಯುದಂಶದ ಜೀವಕೋಶವನ್ನು ಹಿಡಿದಿಡುತ್ತಿದೆ.

ಸರಪಳಿಗಳನ್ನು ಮಾಡುವುದು ಕೈಗೂಡಿದ ಮೇಲೆ ಅವನ್ನೇ ಕಿಣ್ವ ಹಿಡಿಯುವ ಕೊಂಡಿಯಾಗಿಯೂ ಬಳಸಬಹುದೆಂದು ಹೊಳೆಯಿತು. ಲ್ಯೂಸಿನ್ ಮತ್ತು ಪ್ಯಾರಾ-ಅಮೈನೋಫಿನೈಲ್‌ಅಲನಿನ್ ಸೇರಿದ ಕೃತಕ ಪಾಲಿಪೆಪ್ಟೈಡಿಗೆ ಟ್ರಿಪ್ಸಿನ್ ಕಿಣ್ವವನ್ನು ರಾಸಾಯನಿಕವಾಗಿ ಬಂಧಿಸಿದರು. ನೀರಿನಲ್ಲಿ ಕರಗದ ಆ ಟ್ರಿಪ್ಸಿನ್ ಕೆಲಸ ಮುಗಿಸಿದ ಮೇಲೆ ಸೋಸಿದರೆ ಕೈಗೆ ಮರಳಿ ಸಿಗುತ್ತಿತ್ತು. ಇದ್ದಿಲಿಗೆ ಅಂಟಿದ ಇನ್ವರ್ಟೇಸ್ ಎಂಬ ಕಿಣ್ವ ಕೂಡ ಕೆಲಸ ಮಾಡುತ್ತದೆಂದು ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲಿಯೇ ವರದಿ ಮಾಡಿದ್ದರು. ಕಾಕತಾಳೀಯವೆಂಬಂತೆ ಕಾಟ್ಜಿರ್ ಹುಟ್ಟಿದ ವರ್ಷವೂ ಅದೇ.

ನನಗೆ ಪ್ರಿಯವಾದ ಒಂದು ಪ್ರಸಂಗವನ್ನೂ ಸೇರಿಸಿಕೊಳ್ಳಿ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಅಮೆರಿಕದಲ್ಲಿ ಜೆನೆಟಿಕ್ ಸಂಕೇತದ ಮೊದಲ ಪದವನ್ನು ಬಿಡಿಸುತ್ತಿದ್ದಾಗ, ಪ್ರನಾಳದಲ್ಲಿ ಹುಟ್ಟಿದ ಪಾಲಿಫಿನೈಲ್‌ಅಲನಿನ್ ಯಾವ ದ್ರಾವಕದಲ್ಲಿಯೂ ಸುಲಭವಾಗಿ ಕರಗುತ್ತಿರಲಿಲ್ಲ. ಅದು ಹೈಡ್ರೋಜನ್ ಬ್ರೋಮೈಡ್ ತುಂಬಿದ ಅಸಿಟಿಕ್ ಆಮ್ಲದಲ್ಲಿ ಕರಗುತ್ತದೆಂದು ತಿಳಿಸಿದವರು ಅದೇ ಆವರಣದಲ್ಲಿದ್ದ ಮೈಕೆಲ್ ಸೆಲಾ, ಅಂದರೆ ಕಾಟ್ಜಿರ್ ಅವರ ಶಿಷ್ಯ. ಮುಂದೆ ಸೆಲಾ ಮತ್ತು ಸಂಗಡಿಗರು ನಾಲ್ಕು ಅಮೈನೋ ಆಮ್ಲಗಳಿಂದ ಮಾಡಿದ ಇಂಥದೇ ಸರಪಳಿಯೊಂದು ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಔಷಧವಾಗಿ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

ಹಿರಿಯರಿಗೆ ಹೇಳುವುದಾದರೆ ನಮ್ಮ ಕಾಫಿ ಫಿಲ್ಟರನ್ನೇ ತೋರಿಸಿ. ಪುಡಿ ಮೇಲೆಯೇ ಉಳಿಯುತ್ತದೆ, ನೀರು ಹಾಯ್ದು ಡಿಕಾಕ್ಷನ್ನಾಗಿ ಕೆಳಗಿಳಿಯುತ್ತದೆ.

ಉತ್ತರ 2 (ಚಿಂಚವಡ, ಪುಣೆ)

ಮಾಟುಂಗಾದವರ ವಿವರಣೆ ಸೊಗಸಾಗಿದೆ, ಆದರೆ ಫಿಲ್ಟರಿನ ಹೋಲಿಕೆಗೆ ನನ್ನ ತಕರಾರಿದೆ. ಕಾಫಿಪುಡಿ ತನ್ನ ಸಾರವನ್ನೇ ನೀರಿಗೆ ಬಿಡುತ್ತದೆ, ಎರಡನೆಯ ಡಿಕಾಕ್ಷನ್ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಕಿಣ್ವ ತಾನು ಖರ್ಚಾಗದೆ, ಹಾಯ್ದು ಹೋಗುವ ವಸ್ತುವನ್ನು ಬದಲಿಸುತ್ತದೆ. ಕಾಲಕ್ರಮದಲ್ಲಿ ಅದರ ಚುರುಕು ಇಳಿಯುವುದು ಬೇರೆ ಮಾತು.

ನಾನು ಈ ಭಾಗದ ಒಂದು ಔಷಧ ಕಾರ್ಖಾನೆಯಲ್ಲಿ ಪೆನಿಸಿಲಿನ್ ಜಿ ಯಿಂದ 6-ಎಪಿಎ ಎಂಬ ಮೂಲವಸ್ತು ತೆಗೆಯುವ ವಿಭಾಗದಲ್ಲಿದ್ದು ನಿವೃತ್ತನಾದವನು. ಆಂಪಿಸಿಲಿನ್, ಅಮಾಕ್ಸಿಸಿಲಿನ್‌ಗಳಿಗೆಲ್ಲ ಅದೇ ಬುನಾದಿ. ಹಳೆಯ ರಾಸಾಯನಿಕ ವಿಧಾನದಲ್ಲಿ ಫಾಸ್ಫರಸ್ ಪೆಂಟಾಕ್ಲೋರೈಡ್ ಬೇಕು, ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯೂ ಬೇಕು. ಅದೇ ಕೆಲಸವನ್ನು ಮಣಿಗಳಿಗೆ ಬಂಧಿಸಿದ ಪೆನಿಸಿಲಿನ್ ಅಸೈಲೇಸ್ ಕಿಣ್ವ ಬೆಚ್ಚಗಿನ ನೀರಿನಲ್ಲಿ ಮಾಡಿಕೊಡುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿಯೂ ಈ ಕಿಣ್ವದ ಮೇಲೆ ಬಹುಕಾಲ ಸಂಶೋಧನೆ ನಡೆದಿದೆ.

ಪೆನಿಸಿಲಿನ್ ಒಡೆದಂತೆಲ್ಲ ಫಿನೈಲ್ ಅಸಿಟಿಕ್ ಆಮ್ಲ ಬಿಡುಗಡೆಯಾಗಿ ಪಿಎಚ್ (ಆಮ್ಲೀಯತೆ ಹೆಚ್ಚಿದಷ್ಟೂ ತಗ್ಗುವ ಅಳತೆ) ಇಳಿಯುತ್ತದೆ. ಅದನ್ನು ಸುಮಾರು 8ರಲ್ಲಿ ನಿಲ್ಲಿಸಲು ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ಎಷ್ಟು ಕ್ಷಾರ ಹೋಯಿತೆಂಬ ಲೆಕ್ಕದಿಂದಲೇ ಕೆಲಸ ಎಷ್ಟಾಯಿತೆಂದು ನಾವು ಹೇಳುತ್ತಿದ್ದೆವು. ಆ ಆಮ್ಲದ ಜೇನಿನಂಥ ಮಬ್ಬು ವಾಸನೆ ಬಟ್ಟೆಗೆ ಹತ್ತಿದರೆ ಮನೆಯವರೆಗೂ ಬರುತ್ತಿತ್ತು. ಒಮ್ಮೆ ಬೇಗ ಮುಗಿಯಲೆಂದು ಕಲಕುವ ಯಂತ್ರದ ವೇಗ ಹೆಚ್ಚಿಸಿ, ಮಣಿಗಳೆಲ್ಲ ಪುಡಿಯಾಗಿ ತಳದ ಜಾಲರಿ ಕಟ್ಟಿಕೊಂಡು, ಒಂದು ಇಡೀ ಪಾಳಿ ಅದನ್ನು ತೊಳೆಯುವುದರಲ್ಲೇ ಕಳೆದದ್ದುಂಟು. ತಪ್ಪು ನನ್ನದೇ.

ಕಾಟ್ಜಿರ್ ಅವರ ಮಹತ್ವ ನನಗೆ ಅರ್ಥವಾದದ್ದು ಈ ಪಿಎಚ್ ವಿಚಾರದಲ್ಲಿಯೇ. ಋಣ ವಿದ್ಯುದಂಶವುಳ್ಳ ಆಧಾರಕ್ಕೆ ಟ್ರಿಪ್ಸಿನ್ ಬಂಧಿಸಿದರೆ ಅದು ಅತಿ ಚುರುಕಾಗಿರುವ ಪಿಎಚ್ ಸುಮಾರು 2.5 ಅಂಕದಷ್ಟು ಮೇಲಕ್ಕೆ ಸರಿಯುತ್ತದೆಂದು ಗೋಲ್ಡ್‌ಸ್ಟೈನ್, ಲೆವಿನ್ ಮತ್ತು ಅವರು 1964ರಲ್ಲಿ ತೋರಿಸಿದರು. ಆಧಾರವು ಹೈಡ್ರೋಜನ್ ಅಯಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಕಿಣ್ವದ ಮಗ್ಗುಲಲ್ಲಿ ಆಮ್ಲೀಯತೆ ಹೊರಗಿಗಿಂತ ಹೆಚ್ಚಿರುತ್ತದೆ. ಉಪ್ಪು ಹೆಚ್ಚಿಸಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಕಿಣ್ವಕ್ಕೆ ಲೆಕ್ಕಕ್ಕೆ ಬರುವುದು ಟ್ಯಾಂಕಿನ ಪಿಎಚ್ ಅಲ್ಲ, ಅದರ ಓಣಿಯ ಪಿಎಚ್. ನಮ್ಮ ಮಣಿಗಳಲ್ಲಿ ಕಾರಣ ಬೇರೆ, ಒಳಗೆ ಹುಟ್ಟಿದ ಆಮ್ಲ ಬೇಗ ಹೊರಬರದು. ಆದರೆ ಮೀಟರ್ ತೋರಿಸುವ ಅಂಕಿಯನ್ನೇ ನಂಬಬಾರದೆಂಬ ಪಾಠ ಒಂದೇ.

ಉತ್ತರ 3 (ವಾಸ್ಕೋ, ಗೋವಾ)

ಪದದ ಬಗ್ಗೆ ಒಂದು ಮಾತು. ಇಂಥ ಬಂಧಿತ ಕಿಣ್ವವನ್ನು ಸ್ಥಾವರ ಕಿಣ್ವ ಎನ್ನಬೇಡಿ, ಕೇಳುವವರಿಗೆ ವಿದ್ಯುತ್ ಸ್ಥಾವರ ನೆನಪಾಗುತ್ತದೆ. ಬರೆಯುವಾಗ ಸ್ಥಿರೀಕೃತ ಕಿಣ್ವ ಸರಿ. ಮಾತಿನಲ್ಲಿ ಕಟ್ಟಿಹಾಕಿದ ಕಿಣ್ವ ಎಂದರೆ ಎಲ್ಲರಿಗೂ ತಲುಪುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಚಿಂಚವಡದ ಹಿರಿಯರೇ, ಫಿಲ್ಟರ್ ಬೇಡವೆಂದರೆ ವೇದಿಕೆಯ ಮೇಲೆ ತೋರಿಸಬಹುದಾದ್ದು ಬೇರೇನಾದರೂ ಇದೆಯೇ?

ಉತ್ತರ 2 (ಚಿಂಚವಡ, ಪುಣೆ)

ಇದೆ. ಸೋಡಿಯಂ ಆಲ್ಜಿನೇಟಿನ ಗಂಜಿಯಂಥ ದ್ರಾವಣಕ್ಕೆ ಬ್ರೆಡ್ಡಿನ ಯೀಸ್ಟ್ ಕದಡಿ, ಸೂಜಿಯಿಲ್ಲದ ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿಸಿರಿ. ಪ್ರತಿ ಹನಿಯೂ ಸಾಬಕ್ಕಿಯಂತೆ ಮಣಿಗಟ್ಟುತ್ತದೆ. ತೊಳೆದು ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಹಾಕಿ. ಮೊದಲು ತಳದಲ್ಲಿದ್ದ ಮಣಿಗಳು ಒಳಗೆ ಅನಿಲ ತುಂಬಿದಂತೆ ಒಂದೊಂದಾಗಿ ಮೇಲೇಳುತ್ತವೆ. ಇಲ್ಲಿ ಕಟ್ಟಿಹಾಕಿರುವುದು ಬಿಡಿ ಕಿಣ್ವವನ್ನಲ್ಲ, ಕಿಣ್ವಗಳಿರುವ ಇಡೀ ಜೀವಕೋಶವನ್ನು ಎಂದು ಹೇಳಲು ಮರೆಯಬೇಡಿ. ಮಣಿ ಮೇಲೇಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದ್ದರಿಂದ ಭಾಷಣ ಆರಂಭಿಸುವ ಮೊದಲೇ ಹಾಕಿಡಿ.